ರಾಕ್ಷಸನ ಜನ್ಮದಾಖಲೆ

2024ರ ಮಾರ್ಚ್ 10ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ‘ಆಪನ್‌ಹೈಮರ್’ ಶ್ರೇಷ್ಠ ಚಿತ್ರವೂ ಸೇರಿದಂತೆ ಏಳು ಪ್ರಶಸ್ತಿಗಳನ್ನು ಪಡೆಯಿತು. ಅದೇ ಸಂಜೆ ದೃಶ್ಯ ಪರಿಣಾಮಗಳ ಪ್ರಶಸ್ತಿ ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ ಚಿತ್ರಕ್ಕೆ ಸಂದಿತು. ಎಪ್ಪತ್ತು ವರ್ಷಗಳ ಗಾಡ್ಜಿಲ್ಲಾ ಚಿತ್ರಪರಂಪರೆಗೆ ದೊರೆತ ಮೊದಲ ಆಸ್ಕರ್ ಅದು. ಒಂದು, ಬಾಂಬನ್ನು ಮಾಡಿದ ಮನುಷ್ಯನ ಕತೆ. ಇನ್ನೊಂದು, ಬಾಂಬು ಮಾಡಿದ ಮೃಗದ ಕತೆ. ಎರಡೂ ಒಂದೇ ವೇದಿಕೆಯನ್ನು ಏರಿ ಇಳಿದವು. ಅವೆರಡರ ನಡುವಣ ನಂಟನ್ನು ಕುರಿತು ಆ ದಿನ ನಾನು ಹೆಚ್ಚು ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದ್ದು ನನ್ನ ಮಗನ ಒಂದು ಪ್ರಶ್ನೆ.

ದೆಹಲಿಯ ಸರ್ಕಾರಿ ವಸತಿಗೃಹಗಳಲ್ಲಿ ಬೆಳೆಯುತ್ತಿರುವ ಎಲ್ಲ ಹುಡುಗರಂತೆ ಅವನಿಗೂ ಅಮೆರಿಕದ ಅತಿಮಾನವ ವೀರರ ವಂಶಾವಳಿ ಕಂಠಪಾಠ. ಆ ಬೇಸಿಗೆಯಲ್ಲಿ ಗೆಳೆಯರೊಡನೆ ‘ಗಾಡ್ಜಿಲ್ಲಾ ಕಾಂಗ್: ದ ನ್ಯೂ ಎಂಪೈರ್’ ನೋಡಿ ಬಂದಿದ್ದ. ಅದರಲ್ಲಿ ಗಾಡ್ಜಿಲ್ಲಾ ಲೋಕರಕ್ಷಕ. ಕೆಲಸ ಮುಗಿದ ಮೇಲೆ ರೋಮ್ ನಗರದ ಕೊಲೊಸಿಯಮ್ಮಿನಲ್ಲಿ ಸಾಕುನಾಯಿಯಂತೆ ಸುರುಳಿಸುತ್ತಿ ಮಲಗುತ್ತದೆ. ಕೆಲವು ತಿಂಗಳ ಬಳಿಕ ಮನೆಯಲ್ಲಿ ಇಬ್ಬರೂ ಕೂತು ‘ಮೈನಸ್ ಒನ್’ ನೋಡಿದೆವು. ಅರ್ಧ ಚಿತ್ರ ಕಳೆಯುವಷ್ಟರಲ್ಲಿ ಅವನು ಕೇಳಿದ: “ಅಪ್ಪಾ, ಇದರಲ್ಲಿ ಗಾಡ್ಜಿಲ್ಲಾ ಯಾಕೆ ನಮ್ಮ ಕಡೆ ಇಲ್ಲ?”

ಸಣ್ಣ ಪ್ರಶ್ನೆಯೇನಲ್ಲ ಇದು. ನಮ್ಮ ಪುರಾಣಗಳಲ್ಲಿ ಯಾವ ಅಸುರನೂ ತಾನಾಗಿಯೇ ಲೋಕಕಂಟಕನಾಗುವುದಿಲ್ಲ. ಅವನ ಹಿಂದೆ ಒಂದು ತಪಸ್ಸು, ಒಂದು ವರ, ಆ ವರವನ್ನು ಮುಂದಾಲೋಚನೆಯಿಲ್ಲದೆ ಕೊಟ್ಟ ಒಬ್ಬ ದೇವರು ಇರುತ್ತಾರೆ. ಭಸ್ಮಾಸುರನ ಕತೆ ಹೇಳುವವರು ಅವನ ಉರಿಗೈಯನ್ನು ವರ್ಣಿಸುವ ಮೊದಲು ಆ ಕೈಗೆ ಶಕ್ತಿ ಬಂದದ್ದು ಎಲ್ಲಿಂದ ಎಂಬುದನ್ನು ಹೇಳುತ್ತಾರೆ. ಗಾಡ್ಜಿಲ್ಲಾ ಚಿತ್ರಗಳನ್ನೂ ಹಾಗೆಯೇ ನೋಡಬೇಕೆಂದು ನನಗೆ ಅನ್ನಿಸತೊಡಗಿದೆ. ಮೃಗ ಎಷ್ಟು ಎತ್ತರ, ಎಷ್ಟು ಕಟ್ಟಡ ಕೆಡವಿತು ಎಂಬುದು ತಂತ್ರಜ್ಞರ ಮಾತು. ಅದು ಹುಟ್ಟಿದ್ದು ಯಾರಿಂದ ಎಂದು ಚಿತ್ರ ಹೇಳುತ್ತದೆ ಎಂಬುದೇ ಇತಿಹಾಸದ ಮಾತು. ಈ ಜನ್ಮದಾಖಲೆಯನ್ನು ಎಪ್ಪತ್ತು ವರ್ಷಗಳಲ್ಲಿ ಹಲವು ಬಾರಿ ತಿದ್ದಲಾಗಿದೆ.

ಮೂಲ ದಾಖಲೆ 1954ರದು. ಆ ವರ್ಷದ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ‘ಕ್ಯಾಸಲ್ ಬ್ರಾವೊ’ ಎಂಬ ಜಲಜನಕ ಬಾಂಬನ್ನು ಸಿಡಿಸಿತು. ಅದರ ಶಕ್ತಿ ಸುಮಾರು 6 ಮೆಗಾಟನ್ ಇರಬಹುದೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದರು. ಹೊರಬಂದದ್ದು 15 ಮೆಗಾಟನ್, ಎಂದರೆ ಹಿರೋಷಿಮಾದ ಬಾಂಬಿನ ಸಾವಿರ ಪಟ್ಟು. ಬಾಂಬಿನೊಳಗಿದ್ದ ಲಿಥಿಯಮ್ಮಿನ ಒಂದು ಬಗೆ ಸುಮ್ಮನಿರುತ್ತದೆಂದು ಅವರು ನಂಬಿದ್ದರು. ಅದು ಸುಮ್ಮನಿರಲಿಲ್ಲ. ಅಪಾಯದ ವಲಯವೆಂದು ಘೋಷಿಸಿದ್ದ ಪ್ರದೇಶದ ಹೊರಗೆ ‘ದಾಯ್‌ಗೊ ಫುಕುರ್ಯು ಮಾರು’ ಎಂಬ ಜಪಾನೀ ದೋಣಿ ಟ್ಯೂನಾ ಮೀನು ಹಿಡಿಯುತ್ತಿತ್ತು. ಹೆಸರಿನ ಅರ್ಥ ಐದನೆಯ ಭಾಗ್ಯಸರ್ಪ. ಮುಂಜಾವಿನಲ್ಲಿ ಪಡುವಣ ದಿಕ್ಕಿನಲ್ಲಿ ಸೂರ್ಯ ಹುಟ್ಟಿದಂತೆ ಬೆಳಕು ಕಂಡಿತು; ಕೆಲವು ಗಂಟೆಗಳ ಬಳಿಕ ಬಿಳಿಯ ಬೂದಿ ಸುರಿಯಿತು. ಸುಟ್ಟ ಹವಳದ ಬೂದಿ ಅದು. ದೋಣಿಯಲ್ಲಿದ್ದ 23 ಮಂದಿ ಅದನ್ನು ಕೈಯಿಂದ ಗೋರಿ ಹೊರಗೆ ಹಾಕಿದರು.

ಮಾರ್ಚ್ 14ರಂದು ಅವರು ಯಾಯ್ಜು ಬಂದರಿಗೆ ಮರಳುವಾಗ ಮೈ ಕಪ್ಪಿಟ್ಟಿತ್ತು, ಕೂದಲು ಉದುರುತ್ತಿತ್ತು. ದೋಣಿಯ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ವಯಸ್ಸು ನಲವತ್ತು. ಅಷ್ಟರಲ್ಲಿ ಜಪಾನಿನ ಮಾರುಕಟ್ಟೆಗಳಲ್ಲಿ ಟ್ಯೂನಾ ಮೀನನ್ನು ಕೊಳ್ಳುವವರಿರಲಿಲ್ಲ. ವಿಕಿರಣ ತಾಗಿದ ಮೀನನ್ನು ಹೂಳಲಾಗುತ್ತಿತ್ತು. ಟೋಕಿಯೊದ ಸುಗಿನಾಮಿ ವಾರ್ಡಿನ ಗೃಹಿಣಿಯರು ಜಲಜನಕ ಬಾಂಬಿನ ವಿರುದ್ಧ ಸಹಿ ಸಂಗ್ರಹಿಸಲು ಹೊರಟರು. ಮರುವರ್ಷದ ಹೊತ್ತಿಗೆ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಸಹಿಗಳು ಕೂಡಿದವು. ಈ ಘಟನೆಯ ಬಿಸಿ ನಮ್ಮ ದೆಹಲಿಗೂ ತಾಗಿತ್ತು. ಏಪ್ರಿಲ್ 2ರಂದು ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಮಾತನಾಡಿ, ಪೂರ್ಣ ನಿಶ್ಶಸ್ತ್ರೀಕರಣ ಆಗುವವರೆಗೆ ಕಾಯದೆ ಪರೀಕ್ಷೆಗಳನ್ನಾದರೂ ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಲಿ ಎಂದು ಕರೆಕೊಟ್ಟರು. ಪರಮಾಣು ಪರೀಕ್ಷೆಗಳನ್ನು ನಿಲ್ಲಿಸಬೇಕೆಂಬ ವಾದ ಅಂತರರಾಷ್ಟ್ರೀಯ ವೇದಿಕೆಗೆ ಬಂದ ಆರಂಭದ ಘಟ್ಟಗಳಲ್ಲಿ ಅದೊಂದು.

ಅದೇ ವರ್ಷ ನವೆಂಬರ್ 3ರಂದು ಟೊಹೊ ಸಂಸ್ಥೆಯ ‘ಗೊಜಿರಾ’ ತೆರೆಕಂಡಿತು. ನಿರ್ದೇಶಕ ಇಶಿರೊ ಹೊಂಡಾ ಸೈನಿಕನಾಗಿ ಚೀನಾದಲ್ಲಿದ್ದವರು; ಯುದ್ಧ ಮುಗಿದು ಮರಳುವಾಗ ಹಿರೋಷಿಮಾದ ಹಾಳುಭೂಮಿಯ ಮೂಲಕ ಹಾದುಬಂದವರು. ಚಿತ್ರದ ಮೊದಲ ದೃಶ್ಯದಲ್ಲಿಯೇ ಕಡಲಿನ ನಡುವೆ ಕಣ್ಣು ಕೋರೈಸುವ ಬೆಳಕು, ಉರಿದು ಮುಳುಗುವ ಒಂದು ಹಡಗು. ಆರು ವಾರಗಳ ಹಿಂದಷ್ಟೆ ಕುಬೊಯಾಮಾ ಸತ್ತ ಸುದ್ದಿ ಓದಿದ್ದ ಪ್ರೇಕ್ಷಕರಿಗೆ ಆ ಹಡಗು ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಡಲಾಳದಲ್ಲಿದ್ದ ಪ್ರಾಚೀನ ಜೀವಿಯನ್ನು ಜಲಜನಕ ಬಾಂಬಿನ ಪರೀಕ್ಷೆಗಳು ಎಬ್ಬಿಸಿವೆ ಎಂದು ಚಿತ್ರದ ವಿಜ್ಞಾನಿ ಯಮಾನೆ ವಿವರಿಸುತ್ತಾನೆ. ಆ ವಿಷಯವನ್ನು ಬಹಿರಂಗಪಡಿಸಬೇಕೋ ಮುಚ್ಚಿಡಬೇಕೋ ಎಂದು ಸಂಸತ್ತಿನ ಸಮಿತಿಯಲ್ಲಿ ಜಗಳವಾಗುತ್ತದೆ. ರೈಲಿನಲ್ಲಿ ಕೂತ ಒಬ್ಬ ಹೆಣ್ಣುಮಗಳು, ವಿಷದ ಮೀನಾಯಿತು, ಈಗ ಇದು ಬೇರೆಯೇ ಎಂದು ಬೇಸರಿಸಿ, ತಾನು ನಾಗಸಾಕಿಯಿಂದ ಉಳಿದು ಬಂದವಳೆಂಬುದನ್ನು ದಿನನಿತ್ಯದ ಮಾತಿನಂತೆ ಹೇಳಿಬಿಡುತ್ತಾಳೆ.

ಮೃಗದ ವೇಷದೊಳಗೆ ಇದ್ದದ್ದು ಹಾರುವೊ ನಕಾಜಿಮಾ ಎಂಬ ನಟ. ಆ ಗರ್ಜನೆ, ಸಂಗೀತಗಾರ ಅಕಿರಾ ಇಫುಕುಬೆ ರಾಳ ಸವರಿದ ಚರ್ಮದ ಕೈಗವಸಿನಿಂದ ಕಾಂಟ್ರಾಬಾಸ್ ವಾದ್ಯದ ತಂತಿಯನ್ನು ಎಳೆದು ಹೊರಡಿಸಿದ್ದು. ಇಂದಿನ ಮಕ್ಕಳಿಗೆ ಇವೆಲ್ಲ ನಗೆ ತರಬಹುದು. ಆದರೆ 90 ಲಕ್ಷಕ್ಕೂ ಹೆಚ್ಚು ಜಪಾನೀಯರು ಟಿಕೆಟು ಕೊಂಡು ನೋಡಿದ್ದು ರಬ್ಬರಿನ ವೇಷವನ್ನಲ್ಲ. ಅಮೆರಿಕದ ಆಕ್ರಮಿತ ಆಡಳಿತವಿದ್ದ ವರ್ಷಗಳಲ್ಲಿ ಅಣುಬಾಂಬಿನ ಬಗ್ಗೆ ಬರೆಯುವುದಕ್ಕೆ ಕಟ್ಟುನಿಟ್ಟಿನ ಸೆನ್ಸಾರ್ ಇತ್ತು. 1952ರ ಏಪ್ರಿಲ್‌ನಲ್ಲಿ ಆ ಆಡಳಿತ ಮುಗಿದು ಎರಡೂವರೆ ವರ್ಷ ಕಳೆದಿತ್ತಷ್ಟೆ. ಬಾಯಿಬಿಟ್ಟು ಹೇಳಲಾಗದಿದ್ದುದನ್ನು ಮೃಗವೊಂದು ಹೇಳಿತು. ಕೊನೆಯಲ್ಲಿ ಮೃಗ ಸತ್ತರೂ ಯಮಾನೆಗೆ ಸಂತೋಷವಿಲ್ಲ: ಪರೀಕ್ಷೆಗಳು ಹೀಗೆಯೇ ಮುಂದುವರಿದರೆ ಇನ್ನೊಂದು ಗೊಜಿರಾ ಲೋಕದ ಎಲ್ಲಿಯಾದರೂ ಏಳಬಹುದೆಂದು ಅವನು ಗೊಣಗಿಕೊಳ್ಳುತ್ತಾನೆ.

ಮೊದಲ ತಿದ್ದುಪಡಿ ಎರಡೇ ವರ್ಷಗಳಲ್ಲಿ ಆಯಿತು. 1956ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ರೇಮಂಡ್ ಬರ್ ಎಂಬ ನಟನನ್ನು ಅಮೆರಿಕನ್ ವರದಿಗಾರನಾಗಿ ಹೊಸದಾಗಿ ಸೇರಿಸಿದರು. ಅವನಿಗೆ ಜಾಗ ಮಾಡಿಕೊಡಲು ಹಳೆಯ ದೃಶ್ಯಗಳನ್ನು ಕತ್ತರಿಸಿದರು. ರೈಲಿನ ಆ ಮಾತುಕತೆ ಹೋಯಿತು. ಯಮಾನೆಯ ಕೊನೆಯ ಎಚ್ಚರಿಕೆ ಹೋಗಿ, ಆಪತ್ತು ತೊಲಗಿತೆಂಬ ವರದಿಗಾರನ ನೆಮ್ಮದಿ ಅಲ್ಲಿ ಬಂದು ಕೂತಿತು. ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ವ್ಯಾಪಕವಾಗಿ ಬಂದದ್ದು 2004ರಲ್ಲಿ, ಅರ್ಧ ಶತಮಾನದ ನಂತರ.

ತಿದ್ದಿದವರು ಅಮೆರಿಕನ್ನರು ಮಾತ್ರ ಎಂದರೆ ಅನ್ಯಾಯವಾದೀತು. 1964ರ ಕೊನೆಗೆ ಬಂದ ಜಪಾನಿನದೇ ಚಿತ್ರದಲ್ಲಿ ಗಾಡ್ಜಿಲ್ಲಾ ಮೂರು ತಲೆಯ ಘಿಡೋರಾ ಎಂಬ ಆಗಂತುಕನ ವಿರುದ್ಧ ಭೂಮಿಯ ಪರವಾಗಿ ಹೋರಾಡಿತು. ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದ ವರ್ಷ ಅದು. 1966ರಲ್ಲಿ ತೊಕಾಯ್‌ನಲ್ಲಿ ಜಪಾನಿನ ಮೊದಲ ವಾಣಿಜ್ಯ ಪರಮಾಣು ವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತು. ಪರಮಾಣು ಮನೆಗೆ ದೀಪ ಹಚ್ಚುವ ಸೇವಕನಾಗುತ್ತಿದ್ದ ಕಾಲದಲ್ಲಿಯೇ ಪರಮಾಣುವಿನ ಮೃಗವೂ ಮಕ್ಕಳ ಗೆಳೆಯನಾಯಿತು. ಇವೆರಡೂ ಕಾರಣ ಮತ್ತು ಪರಿಣಾಮ ಎಂದು ನಾನು ಹೇಳಲಾರೆ. ಒಂದೇ ಗಾಳಿಯಲ್ಲಿ ಬೆಳೆದವು ಎಂದಷ್ಟೆ ಹೇಳಬಲ್ಲೆ.

ಹಾಲಿವುಡ್ಡಿನ ತಿದ್ದುಪಡಿಗಳು ಇನ್ನೂ ಜಾಣತನದವು. 1998ರ ರೋಲಂಡ್ ಎಮೆರಿಕ್ ಚಿತ್ರದಲ್ಲಿ ಮೃಗ ಹುಟ್ಟುವುದು ಪಾಲಿನೇಷ್ಯಾದಲ್ಲಿ ಫ್ರಾನ್ಸ್ ನಡೆಸಿದ ಪರೀಕ್ಷೆಗಳಿಂದ. ಫ್ರಾನ್ಸ್ ಅಲ್ಲಿ 1996ರವರೆಗೂ ಪರೀಕ್ಷೆ ನಡೆಸಿದ್ದು ನಿಜ. ಆದರೆ ನ್ಯೂಯಾರ್ಕ್ ನಗರದ ಮೇಲೆ ನಡೆದುಬರುವ ಗಾಡ್ಜಿಲ್ಲಾಗೆ ಬಿಕಿನಿಯ ನೆನಪೇ ಇಲ್ಲ. 2014ರ ಗ್ಯಾರೆತ್ ಎಡ್ವರ್ಡ್ಸ್ ಚಿತ್ರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1954ರಲ್ಲಿ ಪೆಸಿಫಿಕ್‌ನಲ್ಲಿ ಸಿಡಿದವು ಪರೀಕ್ಷೆಗಳೇ ಅಲ್ಲ, ಈ ಮೃಗವನ್ನು ಕೊಲ್ಲುವ ಪ್ರಯತ್ನಗಳು ಎನ್ನುತ್ತದೆ ಅದು. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೂಲದಲ್ಲಿ ಬಾಂಬು ಅಪರಾಧ, ಮೃಗ ಅದರ ಫಲ. ಇಲ್ಲಿ ಮೃಗ ಮೊದಲು, ಬಾಂಬು ಆತ್ಮರಕ್ಷಣೆ. ಕಟಕಟೆಯಲ್ಲಿದ್ದವನನ್ನು ಕರೆತಂದು ಕಾವಲುಗಾರನ ಜಾಗದಲ್ಲಿ ನಿಲ್ಲಿಸಿದಂತಾಯಿತು. ಅದೇ ಚಿತ್ರದ ಜಪಾನೀ ವಿಜ್ಞಾನಿಯ ಕಿಸೆಯಲ್ಲಿ 8:15ಕ್ಕೆ ನಿಂತ ಹಿರೋಷಿಮಾದ ಗಡಿಯಾರವೂ ಇದೆ. ದುಃಖಕ್ಕೆ ಅವಕಾಶ ಕೊಟ್ಟು ಹೊಣೆಯನ್ನು ತೆಗೆದುಹಾಕುವ ಈ ಕ್ರಮ ನನಗೆ 1956ರ ಕತ್ತರಿಗಿಂತ ಹೆಚ್ಚು ಕಳವಳ ತರುತ್ತದೆ.

ಹಾಗಾದರೆ ಜಪಾನ್ ತನ್ನ ದಾಖಲೆಯನ್ನು ಮರಳಿ ತೆಗೆದುಕೊಂಡದ್ದು ಯಾವಾಗ? 2011ರ ಮಾರ್ಚ್ 11ರ ಭೂಕಂಪ, ಸುನಾಮಿ ಮತ್ತು ಫುಕುಶಿಮಾ ಸ್ಥಾವರದ ದುರಂತದ ಐದು ವರ್ಷಗಳ ಬಳಿಕ, 2016ರಲ್ಲಿ, ಹಿದೆಯಾಕಿ ಆನ್ನೊ ಮತ್ತು ಶಿಂಜಿ ಹಿಗುಚಿ ‘ಶಿನ್ ಗಾಡ್ಜಿಲ್ಲಾ’ ತೆಗೆದರು. ಸಮುದ್ರದೊಳಗೆ ಸುರಿದ ಪರಮಾಣು ತ್ಯಾಜ್ಯವನ್ನು ತಿಂದು ಬೆಳೆದ ಮೃಗ ಇದರದು. ಆದರೆ ಚಿತ್ರದ ಮುಕ್ಕಾಲು ಭಾಗ ನಡೆಯುವುದು ಸಭಾಕೊಠಡಿಗಳಲ್ಲಿ. ಇಪ್ಪತ್ತು ವರ್ಷಗಳಿಂದ ಕಡತಗಳ ನಡುವೆ ಬದುಕುತ್ತಿರುವ ನಾನು ಯಾವ ಭೂತದ ಚಿತ್ರದಲ್ಲಿಯೂ ಇಷ್ಟು ಬೆವರಿಲ್ಲ. ಒಂದು ಸಭೆಯಿಂದ ಇನ್ನೊಂದು ಸಭೆಗೆ ಕೊಠಡಿ ಬದಲಾಗುತ್ತದೆ. ವಿಷಯ ಯಾವ ಸಚಿವಾಲಯದ ವ್ಯಾಪ್ತಿಗೆ ಬರುತ್ತದೆಂಬುದು ತೀರ್ಮಾನವಾಗುವುದಿಲ್ಲ. ಕರೆಸಿದ ಮೂವರು ತಜ್ಞರು ಖಚಿತವಾಗಿ ಏನನ್ನೂ ಹೇಳದಂತೆ ಎಚ್ಚರ ವಹಿಸುತ್ತಾರೆ. ಮೃಗ ದಡಕ್ಕೆ ಬರಲಾರದೆಂದು ಪ್ರಧಾನಿ ಪತ್ರಕರ್ತರೆದುರು ಘೋಷಿಸುತ್ತಿರುವಾಗಲೇ ಅದು ದಡಕ್ಕೆ ಬಂದಿದೆಯೆಂಬ ಸುದ್ದಿ ಅವನ ಕಿವಿಗೆ ಬೀಳುತ್ತದೆ.

ಕಚೇರಿಗಳನ್ನು ಗೇಲಿ ಮಾಡುವುದು ಸುಲಭ. ಈ ಚಿತ್ರ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಕೊನೆಗೆ ಟೋಕಿಯೊವನ್ನು ಉಳಿಸುವವರೂ ಗುಮಾಸ್ತರೇ. ಬಡ್ತಿಯ ಆಸೆ ಬಿಟ್ಟ, ಮೇಲಧಿಕಾರಿಗಳಿಗೆ ಬೇಡವಾದ ಕೆಳಹಂತದ ಅಧಿಕಾರಿಗಳು ಬೇರೆಬೇರೆ ಇಲಾಖೆಗಳಿಂದ ಬಂದು ಕೂಡುತ್ತಾರೆ, ನಿದ್ದೆಗೆಟ್ಟು ಲೆಕ್ಕ ಹಾಕುತ್ತಾರೆ. ನಗರದ ಮೇಲೆ ಬಾಂಬು ಹಾಕಲು ಅಂತರರಾಷ್ಟ್ರೀಯ ತೀರ್ಮಾನವಾಗಿ, ಗಡುವು ಹತ್ತಿರ ಬರುತ್ತಿರುವಾಗ ಕಾಂಕ್ರೀಟ್ ಪಂಪ್ ಲಾರಿಗಳಿಂದ ಮೃಗದ ಬಾಯಿಗೆ ಔಷಧ ಸುರಿದು ಅದನ್ನು ಹೆಪ್ಪುಗಟ್ಟಿಸುತ್ತಾರೆ. ಫುಕುಶಿಮಾದಲ್ಲಿ ಇಂಧನದ ಕೊಳಗಳಿಗೆ ನೀರು ಸುರಿದದ್ದು ಅಂಥವೇ ಲಾರಿಗಳು. ಮೃಗ ಸಾಯುವುದಿಲ್ಲ; ಟೋಕಿಯೊದ ನಡುವೆ ನಿಂತೇ ಇರುತ್ತದೆ, ಮುಚ್ಚಿದ ಸ್ಥಾವರದಂತೆ.

‘ಮೈನಸ್ ಒನ್’ ಈ ದಾಖಲೆಗೆ ಇನ್ನೊಂದು ಪುಟ ಸೇರಿಸಿತು. ತಕಾಶಿ ಯಮಜಾಕಿ ನಿರ್ದೇಶನದ ಈ ಚಿತ್ರದ ನಾಯಕ ಶಿಕಿಶಿಮಾ ಆತ್ಮಾಹುತಿ ದಳದ ವಿಮಾನಚಾಲಕ. ಯಂತ್ರ ಕೆಟ್ಟಿದೆಯೆಂದು ಸುಳ್ಳು ಹೇಳಿ ಬದುಕಿ ಉಳಿದವನು, ಆ ನಾಚಿಕೆಯಲ್ಲಿ ಸುಡುತ್ತಿರುವವನು. 1946ರ ಬಿಕಿನಿ ಪರೀಕ್ಷೆಯಿಂದ ಬೆಳೆದು ಬಂದ ಮೃಗವನ್ನು ಎದುರಿಸಲು ಯಾವ ಸರ್ಕಾರವೂ ಮುಂದೆ ಬರುವುದಿಲ್ಲ. ಮಾಜಿ ನೌಕಾ ಸೈನಿಕರು ತಾವಾಗಿ ಒಟ್ಟುಗೂಡುತ್ತಾರೆ. ಈ ದೇಶ ಜೀವವನ್ನು ಅಗ್ಗವಾಗಿ ಕಂಡಿತು, ಯುದ್ಧವಿಮಾನಗಳಲ್ಲಿ ಪಾರಾಗುವ ಆಸನವನ್ನೂ ಇಡಲಿಲ್ಲ ಎಂದು ಅವರಲ್ಲೊಬ್ಬ ನೆನೆಯುತ್ತಾನೆ. ಶಿಕಿಶಿಮಾ ಕೊನೆಗೆ ಮೃಗದ ಬಾಯಿಗೆ ನುಗ್ಗಿಸುವ ವಿಮಾನದಲ್ಲಿ ಆ ಆಸನ ಇರುತ್ತದೆ. ಅವನು ಬದುಕುತ್ತಾನೆ. ಬಲಿದಾನವನ್ನೇ ಪರಮಗುಣವೆಂದು ಹೊಗಳುವ ವೀರಚಿತ್ರಗಳ ನಡುವೆ, ಬದುಕಿ ಬರುವುದನ್ನು ಶೌರ್ಯವೆಂದ ಈ ಚಿತ್ರ ನನಗೆ ದೊಡ್ಡದಾಗಿ ಕಂಡಿತು.

ಆದರೂ ಈ ದಾಖಲೆ ಪೂರ್ಣವಲ್ಲ. ‘ಮೈನಸ್ ಒನ್’ ಜಪಾನಿನ ಪ್ರಭುತ್ವ ತನ್ನ ಪ್ರಜೆಗಳಿಗೆ ಮಾಡಿದ್ದನ್ನು ಹೇಳುತ್ತದೆ. ಚೀನಾ, ಕೊರಿಯಾಗಳ ಜನರಿಗೆ ಮಾಡಿದ್ದನ್ನು ಹೇಳುವುದಿಲ್ಲ. ಇನ್ನು ಬಿಕಿನಿಯೆಂಬುದು ಬರಿಯ ಪರೀಕ್ಷಾಸ್ಥಳವಾಗಿರಲಿಲ್ಲ, ಊರಾಗಿತ್ತು. 1946ರಲ್ಲಿ ಅಲ್ಲಿನ 167 ಮಂದಿಯನ್ನು ಎಬ್ಬಿಸಿ ಬೇರೆಡೆಗೆ ಸಾಗಿಸಿದರು. ಬ್ರಾವೊದ ಬೂದಿ ರಾಂಗೆಲಾಪ್ ದ್ವೀಪದ ಮೇಲೂ ಸುರಿಯಿತು. 1957ರಲ್ಲಿ ಸುರಕ್ಷಿತವೆಂಬ ಭರವಸೆಯ ಮೇಲೆ ಆ ಜನ ಮರಳಿದರು, 1985ರಲ್ಲಿ ತಾವಾಗಿಯೇ ದ್ವೀಪ ಬಿಟ್ಟರು. ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕ ನಡೆಸಿದ ಪರೀಕ್ಷೆಗಳು ಒಟ್ಟು 67. ಇಲ್ಲಿ ನಾನು ಹೆಸರಿಸಿದ ಯಾವ ಗಾಡ್ಜಿಲ್ಲಾ ಚಿತ್ರದಲ್ಲಿಯೂ ಅವರ ಕತೆಗೆ ಜಾಗವಿಲ್ಲ. ಆಸ್ಕರ್ ಪಡೆದ ‘ಆಪನ್‌ಹೈಮರ್’ ಕೂಡ ಹಿರೋಷಿಮಾದ ಜನರನ್ನು ತೆರೆಯ ಮೇಲೆ ತರಲಿಲ್ಲ. ಮೃಗದ ಜನ್ಮದಾಖಲೆಯಲ್ಲಿ ತಂದೆಯ ಹೆಸರಿಗಾಗಿ ಜಗಳವಾಡಿದವರೆಲ್ಲ ಹುಟ್ಟಿದ ಸ್ಥಳದ ಕಲಮನ್ನು ಖಾಲಿ ಬಿಟ್ಟಿದ್ದಾರೆ.

ಆ ಭಾಗ್ಯಸರ್ಪ ದೋಣಿ ಇಂದಿಗೂ ಇದೆ. ಹೆಸರು ಬದಲಿಸಿ ಅದನ್ನು ಮೀನುಗಾರಿಕೆಯ ತರಬೇತಿಗೆ ಬಳಸಿದರು. ಹಳತಾದ ಮೇಲೆ ಟೋಕಿಯೊದ ಯುಮೆನೊಶಿಮಾ ಎಂಬ ಕಸದ ದಿಣ್ಣೆಯ ಬಳಿ ಬಿಟ್ಟುಬಿಟ್ಟಿದ್ದರು. ನಾಗರಿಕರು ಗುರುತಿಸಿ, ಉಳಿಸಬೇಕೆಂದು ಹೋರಾಡಿದರು. 1976ರಲ್ಲಿ ಅದಕ್ಕಾಗಿಯೇ ಅಲ್ಲಿ ಪ್ರದರ್ಶನಾಲಯ ತೆರೆಯಿತು.

ಮಗನ ಪ್ರಶ್ನೆಗೆ ನಾನು ಆ ರಾತ್ರಿ ಸರಿಯಾಗಿ ಉತ್ತರಿಸಲಿಲ್ಲ. ಮುಂದಿನ ಭಾನುವಾರ 1954ರ ಚಿತ್ರವನ್ನು ಹಾಕಿದೆ. ಕಪ್ಪುಬಿಳುಪು, ಜಪಾನೀ ಮಾತು, ಕೆಳಗೆ ಓಡುವ ಅಕ್ಷರಗಳು. ಹತ್ತು ನಿಮಿಷದಲ್ಲಿ ಎದ್ದುಹೋಗುತ್ತಾನೆಂದುಕೊಂಡಿದ್ದೆ. ವೇಷವನ್ನು ಕಂಡು ನಕ್ಕ, ಆದರೆ ಕೂತಿದ್ದ. ರೈಲಿನ ದೃಶ್ಯ ಬಂದಾಗ ರಿಮೋಟು ಕೈಗೆತ್ತಿಕೊಂಡು ಚಿತ್ರವನ್ನು ನಿಲ್ಲಿಸಿ, “ಅಪ್ಪಾ, ಮೀನಿಗೇನಾಗಿತ್ತು?” ಎಂದ. ಚಿತ್ರವನ್ನು ಹಾಗೆಯೇ ನಿಲ್ಲಿಸಿ, ಯಾಯ್ಜು ಬಂದರಿನಿಂದ ಹೊರಟ ಒಂದು ದೋಣಿಯ ಕತೆಯನ್ನು ಅವನಿಗೆ ಹೇಳಲು ಕೂತೆ.