ಸಮಾಜಶಾಸ್ತ್ರವೂ ಪ್ರಾಂತೀಯ ವಿದ್ವತ್ಪರಿಷತ್ತೂ: ಶ್ರೀನಿವಾಸಪುರ ಸೀಮೆಯ ನಿದರ್ಶನ

ಶಾಸ್ತ್ರವೆಂಬುದು ಏಕಾಕಿಯ ಬುದ್ಧಿಬಲದಿಂದಲೇ ಬೆಳೆಯತಕ್ಕದ್ದಲ್ಲವೆಂಬುದು ಪ್ರಾಚೀನರ ಮತವಾಗಿತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಸಮಾನವಿದ್ಯರ ಸಂಭಾಷೆಯನ್ನು ಸಂಧಾಯಸಂಭಾಷೆ, ವಿಗೃಹ್ಯಸಂಭಾಷೆ ಎಂದು ಎರಡಾಗಿ ವಿಭಾಗಿಸಿದೆ. ಮೊದಲನೆಯದು ಸೌಹಾರ್ದದಿಂದ ಕೂಡಿದುದು, ಎರಡನೆಯದು ಜಯಾಪೇಕ್ಷೆಯುಳ್ಳದ್ದು. ಆಧುನಿಕ ವಿದ್ವತ್ಪರಿಷತ್ತುಗಳ ಉದ್ದೇಶವು ಮೊದಲನೆಯದೇ ಎನ್ನಬಹುದು.

ಮೈಸೂರು ಸೀಮೆಯಲ್ಲಿ ಸಾಹಿತ್ಯಪರಿಷತ್ತಿಗೂ ಸಮಾಜಶೋಧನೆಗೂ ಮೊದಲಿನಿಂದಲೇ ಸಂಬಂಧವುಂಟು. 1915ರಲ್ಲಿ ಸ್ಥಾಪಿತವಾದ ಕರ್ಣಾಟಕ ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷರೂ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳೂ ಆದ ಎಚ್. ವಿ. ನಂಜುಂಡಯ್ಯನವರೇ ಸಂಸ್ಥಾನದ ಜನಾಂಗಶೋಧನೆಯನ್ನು ನಡೆಸಿದವರು. ಅವರು 1920ರಲ್ಲಿ ದಿವಂಗತರಾದರು. ಸಂಗ್ರಹಿಸಿದ ಸಾಮಗ್ರಿಯನ್ನು ಎಲ್. ಕೆ. ಅನಂತಕೃಷ್ಣ ಅಯ್ಯರವರು ಪೂರ್ಣಗೊಳಿಸಿ, 1928ರಿಂದ 1935ರ ವರೆಗೆ ನಾಲ್ಕು ಸಂಪುಟಗಳಾಗಿ ಹೊರತಂದರು. ಒಬ್ಬರು ಆರಂಭಿಸಿದ ಕಾರ್ಯವು ಇನ್ನೊಬ್ಬರಿಂದ ಮುಗಿದುದಕ್ಕೆ ಕಾರಣವು, ಅದು ಸಂಸ್ಥೆಯ ಆಶ್ರಯದಲ್ಲಿ ಉಳಿದಿದ್ದುದೇ ಆಗಿದೆ.

ಇದಕ್ಕೆ ವ್ಯತಿರೇಕದ ಉದಾಹರಣೆಯೂ ದೊರೆಯುತ್ತದೆ. ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಗ್ರಾಮವೊಂದರಲ್ಲಿ ವಾಸಮಾಡಿ ಬರೆದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಸಂಸ್ಕರಿಸಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಯಿಂದ ಸಂಸ್ಕೃತ ಟಿಪ್ಪಣಿಗಳ ಮೂರು ಪ್ರತಿಗಳೂ ನಷ್ಟವಾದುವು. ಅವರು ಸ್ಮೃತಿಬಲದಿಂದ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಗಿ ಕೀರ್ತಿಯನ್ನು ಪಡೆಯಿತು. ಆದರೆ ಅಂತಹ ಸ್ಮೃತಿಶಕ್ತಿಯು ಎಲ್ಲರಿಗೂ ಲಭ್ಯವಲ್ಲ. ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ರಕ್ಷಿಸುವ ಸಂಸ್ಥೆಯು ಎಲ್ಲರಿಗೂ ಆಧಾರವಾಗಬಲ್ಲುದು.

1951ರಲ್ಲಿ ಜಿ. ಎಸ್. ಘುರ್ಯೆಯವರ ನೇತೃತ್ವದಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಮಟ್ಟದ ಸಮಾಜಶಾಸ್ತ್ರ ಸಂಘವು ಹುಟ್ಟಿತು. ಹೀಗಿರಲು ಪ್ರಾಂತೀಯ ಸಂಘವೇಕೆಂಬ ಪ್ರಶ್ನೆಗೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರವೇ ಉತ್ತರವನ್ನು ಕೊಡುತ್ತದೆ. ಪೂರ್ವದಲ್ಲಿ ಪಾಪನಪಳ್ಳಿಯೆನಿಸಿದ್ದ ಈ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಪುತ್ರನ ಹೆಸರನ್ನಿಟ್ಟರು. ಆಂಧ್ರದ ಗಡಿಗೆ ಹೊಂದಿದ ಈ ಸೀಮೆಯ ಅನೇಕ ಮನೆಗಳ ಮಾತು ತೆಲುಗು. ಕಚೇರಿಯ ಭಾಷೆ ಕನ್ನಡ. ಒಂದೇ ಭಾಷೆಯನ್ನು ಬಲ್ಲ ಶೋಧಕನಿಗೆ ಇಲ್ಲಿನ ಬಂಧುತ್ವವಾಚಕಗಳಾಗಲಿ, ಗಾದೆಗಳಾಗಲಿ ಅರ್ಧವೇ ತಿಳಿದಾವು. ಜೀವನದಿಯಿಲ್ಲದ ಈ ನಾಡಿನಲ್ಲಿ ಕೆರೆಯೇ ಬೇಸಾಯಕ್ಕೆ ಆಧಾರವಾಗಿದ್ದಿತು. ನೀರನ್ನು ಗದ್ದೆಗಳಿಗೆ ಹಂಚುವವನು ನೀರುಗಂಟಿ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ರದ್ದುಗೊಳಿಸಿತು. ಕೊಳವೆಬಾವಿಗಳು ಬಂದುವು, ಮಾವಿನ ತೋಪುಗಳು ಹಬ್ಬಿದುವು. ನೀರಿನ ಸರದಿ ಯಾವ ಮನೆಯದಾಗಿತ್ತು, ವ್ಯಾಜ್ಯವನ್ನು ಯಾರು ತೀರಿಸುತ್ತಿದ್ದರು ಎಂಬುದನ್ನು ಕಂಡು ಹೇಳಬಲ್ಲ ವೃದ್ಧರು ಈಗ ವಿರಳ. ಅವರೊಡನೆ ಆ ಜ್ಞಾನವೂ ಅಸ್ತವಾಗುವುದು.

ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ತ್ರಿವಿಧವೆನ್ನುತ್ತಾನೆ. ಪ್ರಾಂತೀಯ ಪರಿಷತ್ತಿನ ಕಾರ್ಯವನ್ನೂ ಹೀಗೆಯೇ ವಿಂಗಡಿಸಬಹುದು. ಜನರ ಬಾಯಲ್ಲಿರುವ ಶಬ್ದಗಳನ್ನು ಸಂಗ್ರಹಿಸುವುದು ಉದ್ದೇಶ. ಅವುಗಳಿಂದ ಕನ್ನಡದ ಪರಿಭಾಷೆಯನ್ನು ನಿಷ್ಕರ್ಷಿಸುವುದು ಲಕ್ಷಣ. ಅನ್ಯದೇಶಗಳಲ್ಲಿ ಹುಟ್ಟಿದ ಸಿದ್ಧಾಂತಗಳು ಇಲ್ಲಿನ ಗ್ರಾಮಗಳಿಗೆ ಹೊಂದುವುವೇ ಎಂದು ಸಭೆಯಲ್ಲಿ ವಿಮರ್ಶಿಸುವುದು ಪರೀಕ್ಷೆ. ತಾಲ್ಲೂಕಿನ ಉಪಾಧ್ಯಾಯನು ಬರೆದ ಟಿಪ್ಪಣಿಗೂ ಪ್ರಾಧ್ಯಾಪಕನ ಪ್ರಬಂಧಕ್ಕೂ ಸಮಾನವಾದ ಪರೀಕ್ಷೆಯು ನಡೆಯುವ ಸಭೆಯೇ ಸಾರ್ಥಕವಾದುದು. ನೀರುಗಂಟಿಯ ಮಾತು ಆ ಸಭೆಯನ್ನು ಮುಟ್ಟಿದಲ್ಲಿ ಶಾಸ್ತ್ರಕ್ಕೂ ನಾಡಿಗೂ ಉಪಕಾರವಾಗುವುದು.