ಕುದ್ಮುಲ್ ರಂಗರಾವ್

ಕುದ್ಮುಲ್ ರಂಗರಾವ್ (ಜೂನ್ 29, 1859 – ಜನವರಿ 30, 1928) ಮಂಗಳೂರಿನ ಸಮಾಜ ಸುಧಾರಕರು, ವಕೀಲರು ಹಾಗೂ ಶಿಕ್ಷಣ ಪ್ರಸಾರಕರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಸ್ಪೃಶ್ಯರೆಂದು ಊರಿನಿಂದ, ಶಾಲೆಯಿಂದ, ಬಾವಿಯಿಂದ ದೂರವಿಡಲ್ಪಟ್ಟ ಜನರಿಗಾಗಿ ಅವರು 1892ರಲ್ಲಿ ಶಾಲೆಯನ್ನೂ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೂ ಆರಂಭಿಸಿದರು. ಗಾಂಧೀಜಿಯವರ ಹರಿಜನ ಚಳವಳಿಗಿಂತ ಮೂರೂವರೆ ದಶಕಗಳಷ್ಟು ಹಿಂದಿನ ಪ್ರಯತ್ನವಿದು.

ಹಿನ್ನೆಲೆ

ಕರಾವಳಿಯ ಜಾತಿ ವ್ಯವಸ್ಥೆಯಲ್ಲಿ ದಲಿತರ ಸ್ಥಿತಿ ಕೇವಲ ಮಡಿಮೈಲಿಗೆಯ ಪ್ರಶ್ನೆಯಾಗಿರಲಿಲ್ಲ. ಜಮೀನಿನೊಂದಿಗೆ ಆಳುಗಳನ್ನೂ ಮಾರುವ, ಅಡವಿಡುವ ಪದ್ಧತಿ ಇಲ್ಲಿತ್ತು. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅದನ್ನು ದಾಖಲಿಸಿದ್ದಾನೆ. 1843ರ ಕಾಯಿದೆಯು ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತಾದರೂ ಒಡೆಯನ ಸಾಲವೂ ಹಕ್ಕಲಿನ ಗುಡಿಸಲೂ ಆಳನ್ನು ಅಲ್ಲಿಯೇ ಕಟ್ಟಿಹಾಕಿದ್ದವು. ಕೊರಗರ ಪಾಡು ಇನ್ನೂ ಕಠೋರವಾಗಿತ್ತು. ಅಜಲು ಎಂಬ ಅವಮಾನಕರ ಆಚರಣೆಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರವು 2000ದಷ್ಟು ಈಚೆಗೆ ಪ್ರತ್ಯೇಕ ಕಾಯಿದೆಯನ್ನು ತರಬೇಕಾಯಿತೆಂಬುದು ಗಮನಿಸತಕ್ಕ ಸಂಗತಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೂಡಿಗೆರೆ, ಕೊಪ್ಪ, ಕಳಸ, ಚಿಕ್ಕಮಗಳೂರು ಸೀಮೆಯಲ್ಲಿ ಕಾಫಿ ತೋಟಗಳು ಹರಡಿದಾಗ ಈ ಜನರಿಗೆ ಬೇರೊಂದು ದಾರಿ ತೆರೆಯಿತು. ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟ ಹತ್ತಿ ಕೂಲಿ ಮಾಡುವುದು, ಹಣ್ಣು ಕೊಯ್ಲು ಮುಗಿದು ಮಳೆಗಾಲ ಹತ್ತಿರವಾದಾಗ ಮರಳಿ ಇಳಿಯುವುದು ಕರಾವಳಿಯ ಬಡ ಕುಟುಂಬಗಳ ವಾರ್ಷಿಕ ಕ್ರಮವಾಯಿತು. ಒಡೆಯನ ಹಿಡಿತದಿಂದ ಕೆಲಕಾಲವಾದರೂ ಬಿಡುಗಡೆ ಅದರಿಂದ ದೊರೆಯಿತು. ಆದರೆ ಮುಂಗಡವು ಹೊಸ ಸಾಲವಾಯಿತು, ಹಟ್ಟಿಯ ಬದಲು ತೋಟದ ಕೂಲಿ ಲೈನು ಬಂದಿತು. ಹೀಗೆ ಹತ್ತಿ ಇಳಿಯುವ ಕುಟುಂಬದ ಮಕ್ಕಳಿಗೆ ಅಕ್ಷರವು ಘಟ್ಟದ ಮೇಲೆಯೂ ಇಲ್ಲ, ಕೆಳಗೆಯೂ ಇಲ್ಲ ಎಂಬಂತಿತ್ತು. ಆ ತೋಟಗಳ ಕಾಫಿ ಇಳಿದು ಬರುತ್ತಿದ್ದ ಬಂದರು ಪಟ್ಟಣವಾದ ಮಂಗಳೂರೇ ರಂಗರಾಯರ ಕಾರ್ಯಕ್ಷೇತ್ರ.

ಜನನ ಮತ್ತು ವಿದ್ಯಾಭ್ಯಾಸ

ರಂಗರಾಯರು ಕಾಸರಗೋಡಿನ ಕುದ್ಮುಲ್‌ನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಇಂದು ಕೇರಳಕ್ಕೆ ಸೇರಿರುವ ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಹದಿನಾರರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದ ಅವರು ತಿಂಗಳಿಗೆ ಎಂಟು ರೂಪಾಯಿ ಸಂಬಳದ ಶಿಕ್ಷಕ ವೃತ್ತಿಯನ್ನು ಹಿಡಿದರು. ಪಾಠ ಹೇಳುತ್ತಲೇ ಓದು ಮುಂದುವರಿಸಿ, ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ವಕೀಲರಾದರು. ಬಡ ಕಕ್ಷಿದಾರರ ಪರವಾಗಿ ವಾದಿಸುವವರೆಂಬ ಹೆಸರು ಅವರಿಗೆ ಬಂದಿತು.

ಬ್ರಹ್ಮ ಸಮಾಜದ ಸಂಪರ್ಕ

ಮಂಗಳೂರಿನಲ್ಲಿ ಬ್ರಹ್ಮ ಸಮಾಜವು ನೆಲೆಗೊಂಡದ್ದು 1870ರಲ್ಲಿ. ಅದನ್ನು ಅಲ್ಲಿಗೆ ಕರೆತರುವಲ್ಲಿ ಮುಂದಾದವರು ಬಿಲ್ಲವ ಸಮುದಾಯದ ನಾಯಕ ಅರಸಪ್ಪನವರು. ತರುವಾಯ ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳುತನ ವಹಿಸಿದರು. ರಂಗರಾಯರು ಈ ಬಳಗವನ್ನು ಸೇರಿದರು. ಸಮಾಜದ ಉಪಾಸನೆಯಲ್ಲಿ ಜಾತಿಭೇದವನ್ನು ನಿರಾಕರಿಸಿದವರು ಅನೇಕರಿದ್ದರು. ಅದೇ ಮಾತನ್ನು ದಲಿತರ ಕೇರಿಯವರೆಗೆ ಕೊಂಡೊಯ್ದವರು ಬಹಳ ಮಂದಿಯಿರಲಿಲ್ಲ.

ಚಿಲಿಂಬಿಯ ಶಾಲೆ

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯ ಬಾಡಿಗೆ ಮನೆಯೊಂದರಲ್ಲಿ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಸರ್ಕಾರದ ಶಾಲೆಗಳ ಬಾಗಿಲು ಕಾಗದದ ಮೇಲೆ ಎಲ್ಲರಿಗೂ ತೆರೆದಿದ್ದರೂ ದಲಿತ ಬಾಲಕನೊಬ್ಬ ಒಳಗೆ ಬಂದರೆ ಉಳಿದವರು ಹೊರಗೆ ಹೋಗುತ್ತಿದ್ದ ಕಾಲವದು. ಬಾಸೆಲ್ ಮಿಷನ್ 1834ರಲ್ಲಿಯೇ ಮಂಗಳೂರಿಗೆ ಬಂದು ಶಾಲೆಗಳನ್ನು ನಡೆಸುತ್ತಿತ್ತು. ಹಿಂದೂ ಸಮಾಜದೊಳಗಿನಿಂದ ಮಾತ್ರ ಅಂತಹ ಪ್ರಯತ್ನ ನಡೆದಿರಲಿಲ್ಲ.

ಶಾಲೆ ನಡೆಯುವುದು ಸುಲಭವಾಗಲಿಲ್ಲ. ಮೇಲುಜಾತಿಯವರ ವಿರೋಧದಿಂದಾಗಿ ಅದನ್ನು ಮುಚ್ಚಿ ಬೇರೆಡೆ ತೆರೆಯಬೇಕಾಯಿತು. ಮೇಲುಜಾತಿಯ ಉಪಾಧ್ಯಾಯರು ಪಾಠ ಹೇಳಲು ಮುಂದೆ ಬರಲಿಲ್ಲವಾದ್ದರಿಂದ ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡರು. ಮಕ್ಕಳ ದುಡಿಮೆಯನ್ನು ನಂಬಿದ್ದ ತಂದೆತಾಯಂದಿರೂ ಮೊದಮೊದಲು ಹಿಂಜರಿದರು. ಇದನ್ನರಿತ ರಂಗರಾಯರು ಮಧ್ಯಾಹ್ನದ ಊಟವನ್ನು ಶಾಲೆಯಲ್ಲಿಯೇ ಒದಗಿಸಿದರು. ಹಸಿದ ಮಗು ಪಾಠ ಕೇಳಲಾರದೆಂಬ ಸರಳ ಸತ್ಯವನ್ನು ಸರ್ಕಾರಗಳು ಒಪ್ಪಿಕೊಂಡದ್ದು ಬಹುಕಾಲದ ಅನಂತರ.

ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಕ್ಷೌರಿಕನೂ ಅಗಸನೂ ಅವರ ಮನೆಗೆ ಬರುವುದನ್ನು ನಿಲ್ಲಿಸಿದರು. ದಲಿತರು ತಲೆತಲಾಂತರದಿಂದ ಅನುಭವಿಸುತ್ತಿದ್ದ ದೂರವಿಡುವಿಕೆಯ ಒಂದು ಅಂಶವನ್ನು ಹೀಗೆ ಅವರೂ ಉಂಡರು. ಆದರೆ ಅವರದು ತಾವಾಗಿ ಆರಿಸಿಕೊಂಡದ್ದು, ದಲಿತರದು ಹುಟ್ಟಿನಿಂದ ಬಂದದ್ದು ಎಂಬ ವ್ಯತ್ಯಾಸವನ್ನು ಮರೆಯಲಾಗದು.

ಡಿಪ್ರೆಸ್ಡ್ ಕ್ಲಾಸಸ್ ಮಿಷನ್

1897ರಲ್ಲಿ ಸ್ಥಾಪಿತವಾದ ಮಿಷನ್ ಮುಂದೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆಯೂರಿತು. ಅತ್ತಾವರ, ಬೋಳೂರು, ಮೂಲ್ಕಿ, ಉಳ್ಳಾಲ ಮೊದಲಾದೆಡೆ ಅದರ ಶಾಲೆಗಳು ಹುಟ್ಟಿಕೊಂಡವು. ಅಕ್ಷರದೊಂದಿಗೆ ನೇಯ್ಗೆ, ಮರಗೆಲಸಗಳ ತರಬೇತಿಯನ್ನೂ ನೀಡಲಾಯಿತು. ಒಡೆಯನ ಹಕ್ಕಲಿನಲ್ಲಿ ಗುಡಿಸಲು ಕಟ್ಟಿಕೊಂಡವನು ಮಗನನ್ನು ಶಾಲೆಗೆ ಕಳುಹಿಸಿದ ತಪ್ಪಿಗೆ ಮರುದಿನವೇ ಬೀದಿಪಾಲಾಗಬಹುದಾಗಿತ್ತು. ಆದುದರಿಂದ ದಲಿತ ಕುಟುಂಬಗಳಿಗೆ ನಿವೇಶನ ಒದಗಿಸಿ ವಸತಿಗಳನ್ನು ನಿರ್ಮಿಸುವುದೂ ಮಿಷನ್ನಿನ ಮುಖ್ಯ ಕಾರ್ಯವಾಯಿತು. ಕೊರಗರ ಪುನರ್ವಸತಿಗೂ ಅವರು ಶ್ರಮಿಸಿದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರ ಪ್ರತಿನಿಧಿಗಳಿರಬೇಕೆಂದೂ ಒತ್ತಾಯಿಸಿದರು.

ಇದೇ ಧ್ಯೇಯದ ಮತ್ತೊಂದು ಸಂಸ್ಥೆಯನ್ನು ಜಮಖಂಡಿಯಲ್ಲಿ ಜನಿಸಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಸ್ಥಾಪಿಸಿದ್ದು 1906ರಲ್ಲಿ. ಚಿಕ್ಕಮಗಳೂರು ಸೀಮೆ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಶಾಲೆಗಳೆಲ್ಲವನ್ನೂ ಪಂಚಮರಿಗೆ ತೆರೆಯುವ ನಿರ್ಧಾರವಾದದ್ದು 1915ರಲ್ಲಿ. ರಂಗರಾಯರ ಶಾಲೆಗಳು ಪ್ರತ್ಯೇಕ ಶಾಲೆಗಳಾಗಿದ್ದವೆಂಬ ಆಕ್ಷೇಪವುಂಟು. ಪ್ರತ್ಯೇಕ ಶಾಲೆ ಸಮಾನತೆಯ ಶಾಲೆಯಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತದ್ದೂ ಸರಿಯೇ. ಅಲ್ಲಿ ಕಪ್ಪು ಮಕ್ಕಳನ್ನು ಬೇರೆ ಶಾಲೆಗೆ ಅಟ್ಟಿದ್ದು ಪ್ರಭುತ್ವ. ಮಂಗಳೂರಿನಲ್ಲಾದರೋ ಆಯ್ಕೆಯಿದ್ದದ್ದು ಪ್ರತ್ಯೇಕ ಶಾಲೆ ಮತ್ತು ಸಮಾನ ಶಾಲೆಗಳ ನಡುವೆ ಅಲ್ಲ, ಪ್ರತ್ಯೇಕ ಶಾಲೆ ಮತ್ತು ಶಾಲೆಯಿಲ್ಲದಿರುವಿಕೆಯ ನಡುವೆ.

ಕುಟುಂಬ

ಜಾತಿಯ ನಿಷೇಧವನ್ನು ರಂಗರಾಯರು ಮನೆಯೊಳಗೂ ಮೀರಿದರು. ಮಗಳು ರಾಧಾಬಾಯಿಯವರ ವಿವಾಹ 1912ರಲ್ಲಿ ಕುಮಾರಮಂಗಲಂ ಜಮೀನುದಾರರಾದ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು; ಇದು ಅಂತರ್ಜಾತೀಯ ವಿವಾಹ. ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿಯವರು 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಪಾಲ್ಗೊಂಡರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಅವರ ಮಕ್ಕಳಲ್ಲಿ ಭೂಸೇನೆಯ ಮುಖ್ಯಸ್ಥ ಜನರಲ್ ಪಿ. ಪಿ. ಕುಮಾರಮಂಗಲಂ, ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ ಹಾಗೂ ಸಂಸದೆ ಪಾರ್ವತಿ ಕೃಷ್ಣನ್ ಪ್ರಸಿದ್ಧರು.

ಕೊನೆಯ ದಿನಗಳು

ಬ್ರಿಟಿಷ್ ಸರ್ಕಾರವು ಅವರಿಗೆ ರಾವ್ ಸಾಹೇಬ್ ಬಿರುದನ್ನಿತ್ತಿತು. ಆರೋಗ್ಯ ಕುಂದಿದಾಗ ಮಿಷನ್ನಿನ ಹೊಣೆಯನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. 1927ರಲ್ಲಿ ಸನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. ಅದೇ ವರ್ಷದ ಮಾರ್ಚಿಯಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ದಲಿತರು ಮುಟ್ಟಿದರು. ಹೋರಾಟದ ಮುಂದಾಳುತನ ದಲಿತರ ಕೈಗೇ ಬರುತ್ತಿದ್ದ ಕಾಲವದು. 1928ರ ಜನವರಿ 30ರಂದು ರಂಗರಾಯರು ನಿಧನರಾದರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂಬುದು ಅವರ ಇಚ್ಛೆಯಾಗಿತ್ತು.

1934ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದ ನಿಮಿತ್ತ ಮಂಗಳೂರಿಗೆ ಬಂದ ಗಾಂಧೀಜಿಯವರು ರಂಗರಾಯರ ಕಾರ್ಯವನ್ನು ಸ್ಮರಿಸಿದರು. ನಗರದ ಪುರಭವನಕ್ಕೆ ಅವರ ಹೆಸರನ್ನಿಡಲಾಗಿದೆ. ಅವರ ಸಮಾಧಿ ಅತ್ತಾವರದ ಬಾಬುಗುಡ್ಡೆಯಲ್ಲಿದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ಸರ್ಕಾರಿ ಹುದ್ದೆಗೇರಿ, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕೆಂಬ ಅವರ ಆಶಯವನ್ನು ಅಲ್ಲಿ ಕೆತ್ತಿಸಲಾಗಿದೆ.