ಒಡೆಯದ ಅಲೆಗೆ ಯಾವ ಹಲಗೆ?

ಹವಾಯಿಯ ಹಳಬರು ಎಲ್ಲ ಅಲೆಗೂ ಒಂದೇ ಹಲಗೆ ಹಿಡಿದು ಹೋಗುತ್ತಿರಲಿಲ್ಲ. ಬೋರಲು ಮಲಗಿಕೊಂಡೇ ಸವಾರಿ ಮಾಡಲು ಗಿಡ್ಡನೆಯ ಪೈಪೊ ಇತ್ತು. ದಡದ ಹತ್ತಿರ ಕಡಿದಾಗಿ ಎದ್ದು ಒಡೆಯುವ ಅಲೆಗೆ ತೆಳ್ಳನೆಯ ಅಲಾಯ. ದೂರದಲ್ಲಿ ಉಬ್ಬಿ, ಒಡೆಯದೆ ಸೋಮಾರಿಯಂತೆ ಉರುಳಿಬರುವ ಅಲೆಗೆ ಉದ್ದನೆಯ, ಹೊಟ್ಟೆ ದಪ್ಪಗಿದ್ದ ಓಲೊ. ಅಲಾಯವನ್ನು ಕೋವಾ ಮರದಲ್ಲೋ, ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ಮರದಲ್ಲೋ ಮಾಡುತ್ತಿದ್ದರು. ಓಲೊಗೆ ಮಾತ್ರ ವಿಲಿವಿಲಿ ಬೇಕು. ಮಲೆನಾಡಿನ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಕುಲದ್ದೇ ಮರ ಅದು, ಬೆಂಡಿನ ಹಾಗೆ ಹಗುರ. ಮರ ಉರುಳಿಸುವ ಮುನ್ನ ಬುಡದಲ್ಲಿ ಕುಮು ಎಂಬ ಕೆಂಪು ಮೀನನ್ನು ಅರ್ಪಿಸುತ್ತಿದ್ದರು. ಆಮೇಲೆ ಕಲ್ಲಿನ ಬಾಚಿಯಿಂದ ಕೆತ್ತಿ, ಹವಳದ ತುಂಡಿನಿಂದ ಉಜ್ಜಿ, ಎಣ್ಣೆ ಹಚ್ಚುತ್ತಿದ್ದರು. ಇಷ್ಟೆಲ್ಲ ಮಾಡುವ ಮೊದಲು ಅವರು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಒಂದೇ: ಇದು ಯಾವ ಅಲೆಗೆ? ಇವತ್ತು ಬೋರಲು ಮಲಗಿ ಅಲೆ ಹಿಡಿದು, ಫಾಯಿಲ್ ಎಂಬ ನೀರೊಳಗಿನ ರೆಕ್ಕೆಯ ಬಲದಿಂದ ಮೇಲೆದ್ದು ಸಾಗುವ ಪ್ರೋನ್ ಫಾಯಿಲಿಂಗ್ ಎಂಬ ಹೊಸ ಆಟಕ್ಕೆ ಸಾಮಾನು ಕೊಳ್ಳಹೊರಟವರು ಈ ಪ್ರಶ್ನೆಯನ್ನೇ ಮರೆಯುತ್ತಾರೆ. ಅದಕ್ಕೆ ಕಾರಣ ಸರ್ಫಿಂಗಿನ ಇಪ್ಪತ್ತನೆಯ ಶತಮಾನದ ಇತಿಹಾಸದಲ್ಲಿದೆ ಎಂಬುದು ನನ್ನ ವಾದ.

ಆ ಶತಮಾನ ಶುರುವಾದದ್ದು ಓಲೊದ ಮೇಲಿನ ಪ್ರೀತಿಯಿಂದಲೇ. ಅಬ್ನರ್ ಪಾಕಿ ಎಂಬ ಹವಾಯಿಯ ದೊರೆಯ ಹಲಗೆಗಳು ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿ ಉಳಿದುಕೊಂಡಿದ್ದವು. ದೊಡ್ಡದು ಸುಮಾರು 16 ಅಡಿ ಉದ್ದ, ತೂಕ 70 ಕಿಲೋದ ಆಸುಪಾಸು. 1920ರ ದಶಕದಲ್ಲಿ ಅವನ್ನು ದುರಸ್ತಿ ಮಾಡಿದ ಅಮೆರಿಕನ್ ಟಾಮ್ ಬ್ಲೇಕ್ ಅಂಥದ್ದೇ ಒಂದನ್ನು ಕೆತ್ತಿ, ತೂಕ ಇಳಿಸಲು ಅದರ ಉದ್ದಗಲಕ್ಕೂ ನೂರಾರು ತೂತು ಕೊರೆದು, ಮೇಲೆ ಕೆಳಗೆ ತೆಳು ಮರದ ಹಾಳೆ ಹೊದಿಸಿದ. ಅಲ್ಲಿಂದ ಬಂದದ್ದು ಟೊಳ್ಳು ಹಲಗೆ. 1932ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. 1935ರಲ್ಲಿ ಅವನೇ ಹಳೆಯ ಸ್ಪೀಡ್‌ಬೋಟಿನ ಲೋಹದ ಕೀಲನ್ನು ಹಲಗೆಯ ಅಡಿಗೆ ಫಿನ್ (ಮೀನಿನ ಈಜುರೆಕ್ಕೆಯಂಥದ್ದು) ಆಗಿ ಜೋಡಿಸಿದ. ಹಲಗೆಯಿಂದ ನೀರೊಳಕ್ಕೆ ಲೋಹ ಇಳಿದದ್ದು ಹೀಗೆ. ಅದರಿಂದ ಹಲಗೆ ಜಾರದೆ ತಿರುಗತೊಡಗಿತು, ತಿರುಗುವ ಹಲಗೆ ಕಡಿದಾದ ಅಲೆಯನ್ನೇ ಬೇಡತೊಡಗಿತು. 1950ರ ದಶಕದ ಕೊನೆಗೆ ಫೈಬರ್‌ಗ್ಲಾಸ್ ಹೊದಿಸಿದ ಫೋಮ್ ಹಲಗೆಗಳು ಬಂದವು. 1967ರ ಸುಮಾರಿಗೆ ಆಸ್ಟ್ರೇಲಿಯಾದಿಂದ ಹೊರಟ ಗಿಡ್ಡ ಹಲಗೆಯ ಗಾಳಿ ಒಂಬತ್ತು ಅಡಿಯ ಹಲಗೆಗಳನ್ನು ಮೂಲೆಗೆ ತಳ್ಳಿತು. 1981ರಲ್ಲಿ ಸರ್ಫರ್ ಸೈಮನ್ ಆಂಡರ್ಸನ್ ಮೂರು ಫಿನ್ನಿನ ಹಲಗೆಯಲ್ಲಿ ಸ್ಪರ್ಧೆಗಳನ್ನು ಗೆದ್ದ ಮೇಲೆ ದಾರಿ ಒಂದೇ ಆಯಿತು: ಚಿಕ್ಕದು, ತೆಳ್ಳಗಿನದು, ಚುರುಕಿನದು. ಒಡೆಯದ ಅಲೆ ಯಾರ ಲೆಕ್ಕಕ್ಕೂ ಬಾರದ ಅಲೆಯಾಯಿತು. ‘ಚಿಕ್ಕದಾದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಸರ್ಫಿಂಗಿನ ರಕ್ತಕ್ಕೆ ಸೇರಿದ್ದು ಈ ಹೊತ್ತಿನಲ್ಲಿ.

ಫಾಯಿಲಿಗೂ ಈ ಕಥೆಗೂ ಸಂಬಂಧವೇ ಇಲ್ಲ, ಅದು ಹವಾಯಿಯ ಕೂಸಲ್ಲ, ಎಂಜಿನಿಯರುಗಳ ಕೂಸು ಎಂದು ಯಾರಾದರೂ ಆಕ್ಷೇಪಿಸಬಹುದು. ಅರ್ಧ ನಿಜ. ನೀರೊಳಗೆ ರೆಕ್ಕೆ ಇಟ್ಟು ದೋಣಿಯನ್ನು ಮೇಲೆತ್ತಿದ್ದು 1906ರಲ್ಲಿ ಇಟಲಿಯ ಮಾಜೋರೆ ಸರೋವರದಲ್ಲಿ ಎನ್ರಿಕೊ ಫೋರ್ಲಾನಿನಿ. ವೇಗ ಗಂಟೆಗೆ 68 ಕಿಲೋಮೀಟರ್. ಟೆಲಿಫೋನಿನ ಗ್ರಹಾಂ ಬೆಲ್ಲರ ಎಚ್‌ಡಿ-4 ದೋಣಿ 1919ರ ಸೆಪ್ಟೆಂಬರಿನಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಗಂಟೆಗೆ 114 ಕಿಲೋಮೀಟರ್ ಮುಟ್ಟಿತು. ಆದರೆ ಇವೆಲ್ಲ ಎಂಜಿನ್ನಿನ ಬಲದ ಮೇಲೆ, ಸಮತಟ್ಟು ನೀರಿನಲ್ಲಿ ನಡೆದದ್ದು. ಸರ್ಫರ್ ಲೇರ್ಡ್ ಹ್ಯಾಮಿಲ್ಟನ್ ಮತ್ತು ಗೆಳೆಯರು ಹವಾಯಿಯ ದೈತ್ಯ ಅಲೆಗಳಿಗೆ ಫಾಯಿಲ್ ಒಯ್ದಾಗಲೂ (2003ರ ‘ಸ್ಟೆಪ್ ಇನ್‌ಟು ಲಿಕ್ವಿಡ್’ ಚಿತ್ರದಲ್ಲಿ ನೋಡಬಹುದು) ಕಾಲಿಗೆ ಸ್ನೋಬೋರ್ಡಿನ ಬೂಟು ಬಿಗಿದು, ಜೆಟ್‌ಸ್ಕಿಯ ಹಗ್ಗ ಹಿಡಿದೇ ಹೊರಟಿದ್ದರು. ಎಳೆಯುವ ಯಂತ್ರವಿದ್ದರೆ ರೆಕ್ಕೆ ಸಣ್ಣದಿದ್ದರೂ ಸಾಕು. ರೆಕ್ಕೆ ಎತ್ತುವ ಬಲ ಅದರ ವಿಸ್ತೀರ್ಣದ ಜೊತೆಗೆ ವೇಗದ ವರ್ಗವನ್ನೂ ಅನುಸರಿಸುತ್ತದೆ. ಹಾಗಾಗಿ ವೇಗ ಅರ್ಧಕ್ಕೆ ಇಳಿದರೆ ಅದೇ ಆಳನ್ನು ಎತ್ತಲು ನಾಲ್ಕು ಪಟ್ಟು ರೆಕ್ಕೆ ಬೇಕು. ಯಂತ್ರ ಬಿಟ್ಟು, ಬೋರಲು ಮಲಗಿ, ಕೈಯಿಂದಲೇ ನೀರು ಹುಟ್ಟುಹಾಕಿ ಅಲೆ ಹಿಡಿಯಬೇಕೆಂದ ಕೂಡಲೇ ರೆಕ್ಕೆ ಹಿಗ್ಗಲೇಬೇಕಾಯಿತು. 2016ರ ಹೊತ್ತಿಗೆ ಹವಾಯಿಯ ಮಾವಿ ದ್ವೀಪದ ಸರ್ಫರ್ ಕೈ ಲೆನ್ನಿ ದೊಡ್ಡ ರೆಕ್ಕೆಯ ಮೇಲೆ ಕಡಲ ಉಬ್ಬುಗಳನ್ನು ದಾಟುವುದನ್ನು ಜಗತ್ತು ನೋಡಿತು. ರೆಕ್ಕೆ ಎಂಜಿನಿಯರರದ್ದೇ ಇರಬಹುದು, ಆದರೆ ಅದು ಹುಡುಕಿಕೊಂಡು ಹೋದದ್ದು ಓಲೊದ ಅಲೆಯನ್ನು.

ಪ್ರೋನ್ ಫಾಯಿಲಿನ ವಿಚಿತ್ರವೆಂದರೆ, ಹಲಗೆಗೆ ಕೆಲಸ ಇರುವುದು ಮೊದಲ ಕೆಲವು ಕ್ಷಣ ಮಾತ್ರ. ಮಲಗಿ ಕೈಬೀಸುವಾಗ ಅದು ತೇಲಿಸಬೇಕು. ಎದ್ದು ನಿಂತ ಮೇಲೆ ಗಾಳಿಯಲ್ಲಿ ತೂಗುವ ಹೊರೆ ಅಷ್ಟೆ. ಅದಕ್ಕೇ ನಾಲ್ಕೈದು ಅಡಿಯ ಮೊಂಡು ಹಲಗೆ. ಕೆಳಗೆ ಮಾಸ್ಟ್ ಎಂಬ ನೆಟ್ಟನೆಯ ಕಂಬ, ಅದರ ತುದಿಗೆ ಅಡ್ಡ ಕೊಳವೆಯಂಥ ಫ್ಯೂಸಲೇಜ್, ಮುಂದೆ ದೊಡ್ಡ ರೆಕ್ಕೆ, ಹಿಂದೆ ಪುಟ್ಟದು. ಹಲಗೆಯ ಅಡಿಯಲ್ಲಿ ಎರಡು ಹಳಿಗಳಿರುತ್ತವೆ. ಅಲ್ಲಿನ ನಾಲ್ಕು ಬೋಲ್ಟು ಸಡಿಲಿಸಿ ಮಾಸ್ಟನ್ನು ಒಂದೇ ಸೆಂಟಿಮೀಟರ್ ಮುಂದಕ್ಕೆ ಸರಿಸಿ ನೋಡಿ: ನಿನ್ನೆ ಸಾಧುವಾಗಿದ್ದ ಹಲಗೆ ಇವತ್ತು ಮೂತಿ ಎತ್ತಿ ಸವಾರನನ್ನು ಬೆನ್ನ ಹಿಂದಕ್ಕೆ ಕೆಡವುತ್ತದೆ. ಸಾವಿರಾರು ರೂಪಾಯಿ ಸುರಿದು ಹೊಸ ರೆಕ್ಕೆ ತರುವ ಮೊದಲು ಒಂದು ಸ್ಪ್ಯಾನರ್ ತಿರುಗಿಸುವುದು ಅಗ್ಗ.

ಓಲೊ ದೊರೆಗಳ ಗತ್ತಿನ ವಸ್ತು, ಅಲೆಯ ಲೆಕ್ಕಾಚಾರ ಅದರಲ್ಲಿರಲಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಅದು ದೊರೆಗಳಿಗೆ ಮೀಸಲಾಗಿತ್ತೆಂಬುದು ಸರಿ. ಅಂಥ ಮರ, ಅಷ್ಟು ಆಳುಕಾಳು ಸಾಮಾನ್ಯನಿಗೆ ಎಲ್ಲಿಂದ ಬರಬೇಕು? ಆದರೆ ಬರೀ ಗತ್ತಿಗಾದರೆ ನಮ್ಮ ಅರಮನೆಗಳಂತೆ ಕೆತ್ತನೆ, ಅಲಂಕಾರ ಸಾಕಿತ್ತು. ಹೊತ್ತು ತರುವುದೇ ಕಷ್ಟವಾದ ಆ ಹೊಟ್ಟೆ ದಪ್ಪದ ಆಕಾರ, ಹಗುರ ಮರವೇ ಬೇಕೆಂಬ ಹಟ, ಇವಕ್ಕೆ ಅರ್ಥ ಸಿಗುವುದು ಒಡೆಯದ ಅಲೆಯನ್ನು ಬೇಗನೆ, ದೂರದಲ್ಲೇ ಹಿಡಿಯಬೇಕೆಂದಾಗ. ದುಬಾರಿ ಫಾಯಿಲ್ ಇವತ್ತೂ ಅಂತಸ್ತಿನ ಗುರುತೇ, ಬಿಡಿ. ಹಾಗೆಂದು ರೆಕ್ಕೆಯ ಭೌತಶಾಸ್ತ್ರ ಸುಳ್ಳಾಗುವುದಿಲ್ಲ.

ಗಟ್ಟಿಯಾದ ಆಕ್ಷೇಪ ಮೂರನೆಯದು. ಈಚಿನ ಉದ್ದನೆಯ, ಕಿರಿದಾದ ರೆಕ್ಕೆಗಳು ಕಡಿಮೆ ವಿಸ್ತೀರ್ಣದಲ್ಲೇ ದೂರ ಸಾಗುತ್ತವೆ, ದೊಡ್ಡ ರೆಕ್ಕೆಯ ಕಾಲ ಮುಗಿಯಿತು ಎನ್ನುತ್ತಾರೆ. ಹದ್ದಿನ ರೆಕ್ಕೆಗಿಂತ ಕಡಲಹಕ್ಕಿಯ ನೀಳ ರೆಕ್ಕೆಗೆ ಎಳೆತ ಕಡಿಮೆ ಎಂಬುದನ್ನು ಒಪ್ಪಲೇಬೇಕು. ಒಂದು ಅಲೆ ಮುಗಿಸಿ, ಕಾಲಿನಿಂದ ಒತ್ತಿ ಒತ್ತಿ ಇನ್ನೊಂದು ಅಲೆಗೆ ಮರಳುವ ಪಳಗಿದವನಿಗೆ ಅದು ವರ. ಕಲಿಯುವವನಿಗೆ ಹಾಗಲ್ಲ. ನೀಳ ರೆಕ್ಕೆ ವೇಗ ಇಳಿದೊಡನೆ ಎಚ್ಚರಿಕೆ ಕೊಡದೆ ಕೈಬಿಡುತ್ತದೆ, ತಿರುಗಲು ಮುನಿಸು ತೋರುತ್ತದೆ. ಗಿಡ್ಡ, ಅಗಲ, ದಪ್ಪ ರೆಕ್ಕೆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮೇಲಾಗಿ, ಪಳಗಿದವರು ಚಿಕ್ಕ ರೆಕ್ಕೆಗೆ ಇಳಿದದ್ದು ಅವರ ಕೈಯ ಬಲದಿಂದ, ಅಲೆಯ ವೇಗದಿಂದ. ಅವರ ರೆಕ್ಕೆ ಕೊಂಡವನಿಗೆ ಅವರ ಅಲೆ ಬರುವುದಿಲ್ಲ.

ಕರ್ನಾಟಕದ ಓದುಗರಿಗೆ ಇದು ದೂರದ ಮಾತೇನಲ್ಲ. ಮೂಲ್ಕಿಯಲ್ಲಿ ಸರ್ಫಿಂಗ್ ಬೇರು ಬಿಟ್ಟು ಸುಮಾರು ಎರಡು ದಶಕವಾಗಿದೆ. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಮಳೆಗಾಲ ಕಳೆದ ಮೇಲೆ ಅರಬ್ಬೀ ಸಮುದ್ರ ಆ ದಡಕ್ಕೆ ಕಳಿಸುವುದು ಹೆಚ್ಚಾಗಿ ಸಣ್ಣ, ನಿಧಾನದ ಅಲೆ. ಗಿಡ್ಡ ಹಲಗೆಯವನು ಬೈದುಕೊಳ್ಳುವ ಅಲೆ ಅದು, ಫಾಯಿಲಿನವನಿಗೆ ಹೊಂದುವ ಅಲೆ. ಅಲ್ಲಿ ಕಲಿಯಹೊರಟ 70 ಕಿಲೋ ತೂಕದವರಿಗೆ ನನ್ನ ಸಲಹೆ ಇಷ್ಟು: ಮುಂದಿನ ರೆಕ್ಕೆ 1,300 ಚದರ ಸೆಂಟಿಮೀಟರಿಗೆ ಕಡಿಮೆ ಬೇಡ, ಮಾಸ್ಟ್ 75 ಸೆಂಟಿಮೀಟರ್ ದಾಟುವುದು ಬೇಡ, ಹಲಗೆಯ ಗಾತ್ರ 35 ಲೀಟರಿಗಿಂತ ಕೆಳಗೆ ಇಳಿಯುವುದು ಬೇಡ. ಚಾಂಪಿಯನ್ನನ ರೆಕ್ಕೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.